ಎಂಜಿನ್ ಸೀಜ್ ಆದ ಲಾರಿಯನ್ನು ಎಕ್ಸ್‌ಚೇಂಜ್‌ಗೆ ಕೊಡುವುದು ಹೇಗೆ?

"ಎಂಜಿನ್ ಹೋಗಿದೆ. ರಿಪೇರಿ ಮಾಡಿಸಲೋ, ಹಾಗೇ ಎಕ್ಸ್‌ಚೇಂಜ್‌ಗೆ ಹಾಕಿ ಹೊಸ ಗಾಡಿ ತೆಗೆಯಲೋ?"

ಒಂದೆರಡು ಲಾರಿ ಇಟ್ಟುಕೊಂಡು ದುಡಿಯುವವರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಕೇಳುವ ಹೊತ್ತಿಗೆ ತಡವಾಗಿರುತ್ತದೆ. ಗಾಡಿ ಆಗಲೇ ಶೋರೂಂ ಅಂಗಳದಲ್ಲಿ ನಿಂತಿರುತ್ತದೆ, ಎಂಜಿನ್ ಬಿಚ್ಚಿರುತ್ತಾರೆ, ಖಾಲಿ ಫಾರ್ಮ್‌ಗೆ ಸಹಿಯೂ ಬಿದ್ದಿರುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಶುರು ಮಾಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಕ್ಸ್‌ಚೇಂಜ್ ಅಂದರೆ ಒಂದು ವ್ಯಾಪಾರ ಅಲ್ಲ, ಎರಡು. ಹಳೇ ಲಾರಿ ಮಾರುವುದು ಒಂದು, ಹೊಸ ಲಾರಿ ಕೊಳ್ಳುವುದು ಇನ್ನೊಂದು. ಡೀಲರ್ ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆದು, "ಇಷ್ಟು ಕಟ್ಟಿ, ಇಷ್ಟು ಕಂತು" ಎಂದು ಮುಗಿಸಲು ನೋಡುತ್ತಾನೆ. ನಿಮ್ಮ ಕೆಲಸ ಎರಡನ್ನೂ ಬೇರೆ ಬೇರೆ ಇಡುವುದು. ಕೆಳಗಿನ ಹಂತಗಳೆಲ್ಲ ಅದಕ್ಕೇ.

ಹಂತ 1: ಗಾಡಿಯನ್ನು ಎಲ್ಲಿಗೆ ಎಳೆಸುತ್ತೀರಿ ನೋಡಿ

ಶಿರಾಡಿ ಘಾಟಿ ಹತ್ತುವಾಗ ಹೀಟ್ ಆಗಿ ನಿಂತಿತು ಅಂದುಕೊಳ್ಳಿ. ಕ್ರೇನ್‌ನವನು "ಎಲ್ಲಿಗೆ ಸರ್?" ಎಂದು ಕೇಳುತ್ತಾನೆ. ಆ ಗಾಬರಿಯಲ್ಲಿ ಎಲ್ಲರೂ ಹತ್ತಿರದ ಡೀಲರ್ ವರ್ಕ್‌ಶಾಪ್ ಹೆಸರು ಹೇಳಿಬಿಡುತ್ತಾರೆ. ವಾರಂಟಿ ಇದ್ದರೆ ಅದು ಸರಿಯೇ. ವಾರಂಟಿ ಮುಗಿದಿದ್ದರೆ ಹಾಗೆ ಮಾಡಬೇಡಿ. ಒಮ್ಮೆ ಅವರ ಅಂಗಳಕ್ಕೆ ಗಾಡಿ ಹೋದರೆ ಎಂಜಿನ್ ಬಿಚ್ಚಿದ ಕೂಲಿ, ನಿಲ್ಲಿಸಿದ ಬಾಡಿಗೆ ಎಲ್ಲ ಏರುತ್ತದೆ. "ಬೇಡ, ವಾಪಸ್ ಒಯ್ಯುತ್ತೇನೆ" ಎನ್ನಬೇಕಾದರೆ ಮತ್ತೆ ಕ್ರೇನ್ ಕರೆಸಬೇಕು. ಇದು ಡೀಲರ್‌ಗೂ ಗೊತ್ತು. ಅಲ್ಲಿಗೆ ನಿಮ್ಮ ಚೌಕಾಸಿಯ ಅರ್ಧ ಬಲ ಹೋಯಿತು.

ನಿಮ್ಮ ಜಾಗ, ಪರಿಚಯದ ಗ್ಯಾರೇಜು, ಊರಿನ ಪೆಟ್ರೋಲ್ ಬಂಕಿನ ಪಕ್ಕ, ಎಲ್ಲಾದರೂ ಸರಿ. ಡೀಲರ್ ಕಡೆಯವನು ಅಲ್ಲಿಗೇ ಬಂದು ನೋಡಲಿ.

ಇನ್ನೊಂದು ಎಚ್ಚರಿಕೆ. ಸೀಜ್ ಆದ, ಅಂದರೆ ಒಳಗೆ ಹಿಡಿದುಕೊಂಡು ತಿರುಗದ ಎಂಜಿನ್ನನ್ನು "ಒಂದ್ಸಲ ನೋಡೋಣ" ಎಂದು ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಬೇರಿಂಗ್‌ನಲ್ಲಿ ನಿಂತಿದ್ದ ಖರ್ಚು ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ವರೆಗೂ ಹೋಗುತ್ತದೆ.

ಹಂತ 2: ವಾರಂಟಿ, ಇನ್ಶೂರೆನ್ಸ್ ನೋಡಿಕೊಳ್ಳಿ

ಬಿಎಸ್6 (ಗಾಡಿ ಹೊಗೆಗೆ ಸರ್ಕಾರ ಇಟ್ಟ ಮಿತಿ) ಬಂದ ಮೇಲೆ ಕೆಲವು ದೊಡ್ಡ ಲಾರಿಗಳ ಎಂಜಿನ್, ಗೇರ್‌ಬಾಕ್ಸ್‌ಗೆ 6 ವರ್ಷ ಅಥವಾ 6 ಲಕ್ಷ ಕಿಲೋಮೀಟರ್‌ವರೆಗೂ ವಾರಂಟಿ ಇದೆ. ನಿಮ್ಮ ಗಾಡಿಯ ವಾರಂಟಿ ಪುಸ್ತಕ ತೆಗೆದು ನೋಡಿ. ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಆಯಿಲ್ ಬದಲಿಸಿದ್ದು ಹೊರಗಿನ ಗ್ಯಾರೇಜಿನಲ್ಲಿ ಎಂಬ ಕಾರಣಕ್ಕೆ ವಾರಂಟಿ ಇಲ್ಲ ಅಂದರೆ, ಅದನ್ನು ಬರಹದಲ್ಲಿ ಕೊಡಿ ಎನ್ನಿ. ಬಾಯಿ ಮಾತಿನ "ಆಗಲ್ಲ" ಎಷ್ಟೋ ಸಲ ಕಾಗದದ ಮೇಲೆ "ನೋಡೋಣ" ಆಗುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಮಾಮೂಲಿ ಫುಲ್ ಇನ್ಶೂರೆನ್ಸ್‌ನಲ್ಲಿ ಅಪಘಾತ, ಬೆಂಕಿ, ನೆರೆ, ಕಳ್ಳತನ ಬರುತ್ತವೆ. ತಾನಾಗಿ ಕೆಟ್ಟ ಎಂಜಿನ್ ಬರುವುದಿಲ್ಲ. ಆದರೆ ಅಪಘಾತದಲ್ಲಿ ಎಂಜಿನ್ ತಳದ ಆಯಿಲ್ ಚೇಂಬರ್ ಒಡೆದು ಆಯಿಲ್ ಸೋರಿತು, ಮಳೆನೀರು ಎಂಜಿನ್ ಒಳಗೆ ಹೋಯಿತು ಎಂಬಂಥ ಸಂದರ್ಭ ಇದ್ದರೆ ಗಾಡಿ ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮೊದಲು ಬಿಚ್ಚಿದರೆ ಕ್ಲೈಮ್ ಅಲ್ಲೇ ಮುಗಿಯಿತು.

ಹಂತ 3: ಎಂಜಿನ್‌ಗೆ ಏನಾಗಿದೆ ಎಂದು ಬರಹದಲ್ಲಿ ತೆಗೆದುಕೊಳ್ಳಿ

"ಎಂಜಿನ್ ಹೋಗಿದೆ" ಎಂಬ ಮಾತಿಗೆ 40 ಸಾವಿರದ ಅರ್ಥವೂ ಇದೆ, 4 ಲಕ್ಷದ ಅರ್ಥವೂ ಇದೆ. ಯಾವುದು ಎಂದು ನಿಮಗೆ ಗೊತ್ತಿಲ್ಲದಿದ್ದರೆ ಡೀಲರ್ 4 ಲಕ್ಷದ ಅರ್ಥವನ್ನೇ ಹಿಡಿಯುತ್ತಾನೆ. ಅವನ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಪೂರ್ತಿ ಬಿಚ್ಚದೆ ತಿಳಿಯುವುದು ತುಂಬ ಇದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ಕೂಲೆಂಟ್ ಸೇರಿದೆ. ಹೆಡ್ ಗ್ಯಾಸ್ಕೆಟ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಕೆಳಗಿನ ರಬ್ಬರ್ ರಿಂಗು, ಆಯಿಲ್ ಕೂಲರ್, ಇಲ್ಲವೇ ಹೆಡ್ಡೇ ಬಿರುಕು ಬಿಟ್ಟಿರಬಹುದು. ಆಯಿಲ್ ಇಳಿಸಿದಾಗ ಮಿನುಗುವ ಲೋಹದ ಪುಡಿ ಕಂಡರೆ ಬೇರಿಂಗ್ ಸವೆದಿದೆ. ಬ್ಲಾಕಿನ ಪಕ್ಕದಲ್ಲೇ ತೂತು ಕಂಡರೆ ಕನೆಕ್ಟಿಂಗ್ ರಾಡ್ ಮುರಿದು ಹೊಡೆದಿದೆ. ಅದು ಕೆಟ್ಟ ಸುದ್ದಿ, ಬ್ಲಾಕೇ ಹೋಯಿತು. ಟರ್ಬೋ ಅಥವಾ ಇಂಜೆಕ್ಟರ್ ಹೋಗಿದ್ದರೆ ಎಂಜಿನ್ ಒಳಭಾಗ ಚೆನ್ನಾಗಿಯೇ ಇರಬಹುದು.

ಮೆಕ್ಯಾನಿಕ್ ಹತ್ತಿರ ಆಯಿಲ್ ಚೇಂಬರ್ ಒಂದನ್ನು ಬಿಚ್ಚಿಸಿ ಬೇರಿಂಗ್ ನೋಡಿಸಿ. ಅಷ್ಟು ಸಾಕು. ಪೂರ್ತಿ ಎಂಜಿನ್ ಇಳಿಸಿ, ಬಿಚ್ಚಿ, ಪಾರ್ಟ್ಸನ್ನು ಗೋಣಿಚೀಲದಲ್ಲಿ ತುಂಬಿಟ್ಟ ಗಾಡಿಗೆ ಬೆಲೆ ಇನ್ನೂ ಕಮ್ಮಿ. ಯಾವ ಪಾರ್ಟು ಇದೆ, ಯಾವುದು ಇಲ್ಲ ಎಂದು ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅವನು ಏನೂ ಇಲ್ಲ ಎಂದೇ ಲೆಕ್ಕ ಹಾಕುತ್ತಾನೆ.

ಆಮೇಲೆ ಎರಡು ಕಡೆ ಎಸ್ಟಿಮೇಟ್ ತೆಗೆದುಕೊಳ್ಳಿ. ಒಂದು ಕಂಪನಿ ವರ್ಕ್‌ಶಾಪಿನದು, ಇನ್ನೊಂದು ಹೊರಗಿನ ಎಂಜಿನ್ ಕೆಲಸದವರದು. ಎರಡೂ ಲೆಟರ್‌ಹೆಡ್‌ನಲ್ಲೋ ಬಿಲ್ ಪುಸ್ತಕದಲ್ಲೋ ಇರಲಿ. ಅದರಲ್ಲಿ ಈ ಪದಗಳು ಬರಬಹುದು:

- ಹಾಫ್ ಎಂಜಿನ್: ಎಂಜಿನ್ ಪೂರ್ತಿ ಇಳಿಸದೆ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಬದಲಿಸುವುದು.
- ಫುಲ್ ಎಂಜಿನ್: ಎಂಜಿನ್ ಇಳಿಸಿ, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಕೆಲಸ ಎಲ್ಲ ಸೇರಿಸಿ ಮಾಡುವುದು.
- ರೀಮ್ಯಾನ್ ಎಂಜಿನ್: ಹಳೇ ಎಂಜಿನ್ ತೆಗೆದುಕೊಂಡು, ಕಂಪನಿಯೇ ರಿಪೇರಿ ಮಾಡಿ ಸಿದ್ಧವಿಟ್ಟ ಎಂಜಿನ್ ಕೊಡುವುದು. ಟಾಟಾದಲ್ಲಿ ಇದಕ್ಕೆ ಪ್ರೋಲೈಫ್ ಎನ್ನುತ್ತಾರೆ. ಇದಕ್ಕೂ ವಾರಂಟಿ ಇರುತ್ತದೆ.

ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ ತಂದು ಕೂರಿಸುವ ಐಡಿಯಾವನ್ನು ಯಾರಾದರೂ ಖಂಡಿತ ಕೊಡುತ್ತಾರೆ. ಅಗ್ಗ, ನಿಜ. ಆದರೆ ಎಂಜಿನ್ ನಂಬರ್ ಬದಲಾಗುತ್ತದೆ. ಅದು ಆರ್‌ಸಿಯಲ್ಲಿ ನಮೂದಾಗದಿದ್ದರೆ ಎಕ್ಸ್‌ಚೇಂಜ್ ಮೇಜಿನ ಮುಂದೆ ಗಾಡಿ ಬಿದ್ದುಹೋಗುತ್ತದೆ. ಕದ್ದ ಗಾಡಿಯ ಎಂಜಿನ್ ಆಗಿದ್ದರೆ ಪೊಲೀಸ್ ಠಾಣೆಯೂ ಸೇರುತ್ತದೆ.

ಹಂತ 4: ಮೂರು ಅಂಕಿ ಬರೆದುಕೊಳ್ಳಿ

ಡೀಲರ್ ಹತ್ತಿರ ಹೋಗುವ ಮೊದಲು ನಿಮ್ಮ ಜೇಬಿನಲ್ಲಿ ಮೂರು ಅಂಕಿ ಇರಬೇಕು.

ಮೊದಲನೆಯದು, ಇದೇ ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಎಷ್ಟು? ಅದೇ ಮಾಡೆಲ್, ಅದೇ ವರ್ಷ, ಅಷ್ಟೇ ಓಡಿದ್ದು. ಇಬ್ಬರು ಬ್ರೋಕರ್‌ಗೆ ಫೋನ್ ಮಾಡಿ. ಶ್ರೀರಾಮ್ ಆಟೋಮಾಲ್‌ನಂಥ ಹರಾಜಿನಲ್ಲಿ ಎಷ್ಟಕ್ಕೆ ಹೋಗುತ್ತಿವೆ ವಿಚಾರಿಸಿ. ಆನ್‌ಲೈನ್ ಜಾಹೀರಾತಿನಲ್ಲಿ ಇರುವುದು ಮಾರುವವನು ಕೇಳುವ ಬೆಲೆ, ಕೊನೆಗೆ ಸಿಕ್ಕ ಬೆಲೆ ಅಲ್ಲ.

ಇಲ್ಲೊಂದು ವಿಷಯ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ಸರಕು ಲಾರಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಮೂಲ ಬೆಲೆ ಅಷ್ಟೇ ಇದ್ದರೂ ಹೊಸ ಗಾಡಿಯ ಒಟ್ಟು ಬೆಲೆ ಸುಮಾರು ಶೇ 7.8ರಷ್ಟು ಕಡಿಮೆ ಆಗುತ್ತದೆ. ಹೊಸದು ಅಗ್ಗ ಆದರೆ ಹಳೆಯದೂ ಇಳಿಯಲೇಬೇಕು. ಆದ್ದರಿಂದ ಅದಕ್ಕಿಂತ ಹಿಂದೆ ನಿಮ್ಮ ಬಾವ ಮಾರಿದ ಬೆಲೆಯನ್ನು ಹಿಡಿದು ಕೂರಬೇಡಿ. "ಜಿಎಸ್‌ಟಿ ಇಳಿದಿದೆ, ಹಳೇ ಗಾಡಿಗೆ ರೇಟಿಲ್ಲ" ಎಂದು ಡೀಲರ್ ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಇಳಿಕೆ ಓಡುವ ಗಾಡಿಯ ಇವತ್ತಿನ ಮಾರ್ಕೆಟ್ ಬೆಲೆಯಲ್ಲಿ ಆಗಲೇ ಸೇರಿದೆ. ಎರಡನೇ ಸಲ ಕಳೆಯಲು ಬಿಡಬೇಡಿ.

ಎರಡನೆಯದು, ರಿಪೇರಿ ಖರ್ಚು. ಎಸ್ಟಿಮೇಟ್ ನಿಮ್ಮ ಕೈಯಲ್ಲಿದೆ.

ಮೂರನೆಯದು, ಗುಜರಿ ಬೆಲೆ. ಆರ್‌ಸಿಯಲ್ಲಿ ಅನ್‌ಲೇಡನ್ ವೇಟ್ ಎಂದು ಇರುತ್ತದೆ, ಅಂದರೆ ಖಾಲಿ ಗಾಡಿಯ ತೂಕ. ಅದನ್ನು ನಿಮ್ಮ ಊರಿನ ಗುಜರಿ ರೇಟಿನಿಂದ ಗುಣಿಸಿ. ಟೈರು, ಬ್ಯಾಟರಿ, ಗೇರ್‌ಬಾಕ್ಸ್ ಬೇರೆ. ಇದಕ್ಕಿಂತ ಕೆಳಗೆ ಯಾರು ಏನೇ ಹೇಳಿದರೂ ಎದ್ದು ಬನ್ನಿ.

ಒಂದು ಉದಾಹರಣೆ ಹಾಕೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ಹತ್ತು ಚಕ್ರದ ಲಾರಿ, ಓಡುವ ಸ್ಥಿತಿಯಲ್ಲಿ 12 ಲಕ್ಷ. ಫುಲ್ ಎಂಜಿನ್ ಕೆಲಸಕ್ಕೆ 2.8 ಲಕ್ಷ. ಖಾಲಿ ತೂಕ 9 ಟನ್, ಕೆಜಿಗೆ 30 ರೂಪಾಯಿಯಂತೆ ಗುಜರಿ 2.7 ಲಕ್ಷ. ಕೊಳ್ಳುವವನು ಒಂದಿಷ್ಟು ಅಪಾಯ ಹೊರುತ್ತಾನೆ, ಓಡಾಟ ಇದೆ, ಬಡ್ಡಿ ಇದೆ. ಅದಕ್ಕೆ 70 ಸಾವಿರ ಬಿಡಿ. 12ರಿಂದ 2.8, ಮತ್ತೆ 0.7 ಕಳೆದರೆ 8.5 ಲಕ್ಷ. ಇದು ನ್ಯಾಯವಾದ ಬೆಲೆ. ಡೀಲರ್ 5.5 ಅಥವಾ 6ರಿಂದ ಶುರು ಮಾಡಬಹುದು. ನಿಮ್ಮ ಮಾತು 8.5ರ ಸುತ್ತ ಇರಲಿ, 6ರ ಸುತ್ತ ಅಲ್ಲ.

ಹಾಗಾದರೆ ರಿಪೇರಿ ಮಾಡಿಸಿಯೇ ಕೊಟ್ಟರೆ? 12 ಲಕ್ಷದಲ್ಲಿ 2.8 ಹೋಗಿ 9.2 ಕೈಗೆ ಬರುತ್ತದೆ, 70 ಸಾವಿರ ಲಾಭ ಅನ್ನಿಸುತ್ತದೆ. ಆದರೆ ಕೆಲಸ ಮುಗಿಯಲು ವಾರಗಳು ಬೇಕು, ಆ ತಿಂಗಳ ಕಂತು ಕಟ್ಟಬೇಕು. ಜೊತೆಗೆ "ಈಗಷ್ಟೇ ಎಂಜಿನ್ ಮಾಡಿಸಿದ್ದಾರೆ, ಯಾಕೆ ಮಾರ್ತಿದ್ದಾರೆ?" ಎಂಬ ಅನುಮಾನಕ್ಕೂ ಬೆಲೆ ಕೆಳಗಿಳಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮಾರುವುದಕ್ಕೋಸ್ಕರ ಫುಲ್ ಎಂಜಿನ್ ಮಾಡಿಸಬೇಡಿ. ಇನ್ನು ಮೂರು ನಾಲ್ಕು ವರ್ಷ ನೀವೇ ಓಡಿಸುವುದಾದರೆ ಮಾಡಿಸಿ. ಟರ್ಬೋ, ಇಂಜೆಕ್ಟರ್, ಗ್ಯಾಸ್ಕೆಟ್‌ನಂಥ ಸಣ್ಣ ಕೆಲಸ ಆಗಿದ್ದರೆ ಮಾತ್ರ ಮಾಡಿಸಿಯೇ ತೋರಿಸಿ. ಸ್ಟಾರ್ಟ್ ಆಗುವ ಗಾಡಿಗೂ ಆಗದ ಗಾಡಿಗೂ ಬೆಲೆಯಲ್ಲಿ ತುಂಬ ವ್ಯತ್ಯಾಸ.

ತುಂಬಾ ಹಳೇ ಗಾಡಿಯಾಗಿ, ಎಫ್‌ಸಿಗೂ ದೊಡ್ಡ ಖರ್ಚಿದ್ದರೆ ಸರ್ಕಾರಿ ನೋಂದಣಿ ಇರುವ ಸ್ಕ್ರ್ಯಾಪ್ ಕೇಂದ್ರವನ್ನೂ ವಿಚಾರಿಸಿ. (ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಫಿಟ್‌ನೆಸ್ ಪತ್ರ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.) ಅಲ್ಲಿ ಗಾಡಿ ಒಪ್ಪಿಸಿದರೆ ಡಿಪಾಸಿಟ್ ಸರ್ಟಿಫಿಕೇಟ್ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಇದೆ, ಕೆಲವು ಕಂಪನಿಗಳು ಡಿಸ್ಕೌಂಟನ್ನೂ ಕೊಡುತ್ತವೆ. ಬೀದಿ ಗುಜರಿಗೆ ಕೊಟ್ಟರೆ ಈ ಕಾಗದ ಸಿಗುವುದಿಲ್ಲ.

ಹಂತ 5: ಕಾಗದ ಜೋಡಿಸಿ, ಸಾಲದ ಲೆಕ್ಕ ತೆಗೆಯಿರಿ

ಆರ್‌ಸಿ, ಎಫ್‌ಸಿ, ಪರ್ಮಿಟ್, ಇನ್ಶೂರೆನ್ಸ್, ಟ್ಯಾಕ್ಸ್ ಕಟ್ಟಿದ ರಸೀದಿ, ಹೊಗೆ ತಪಾಸಣೆ ಪತ್ರ. ಪರಿವಾಹನ್ ವೆಬ್‌ಸೈಟಿನಲ್ಲಿ ಬಾಕಿ ಚಲನ್ ಇದೆಯಾ ನೋಡಿ. ಆರ್‌ಸಿಗೆ ಸೇರಿಸಿದ ಮೊಬೈಲ್ ನಂಬರ್ ನಿಮ್ಮದೇ ಎಂದು ಖಚಿತ ಮಾಡಿಕೊಳ್ಳಿ. ಹಿಂದಿನ ಡ್ರೈವರ್ ನಂಬರ್ ಇದ್ದು, ಓಟಿಪಿಗಾಗಿ ಅವನನ್ನು ಹುಡುಕಿಕೊಂಡು ಹೋದವರು ಇದ್ದಾರೆ.

ಎಂಜಿನ್ ನಂಬರ್, ಚಾಸಿ ನಂಬರ್ ಎರಡರ ಫೋಟೋ ತೆಗೆದು ಆರ್‌ಸಿ ಜೊತೆ ಹೋಲಿಸಿ. ಒಂದು ಅಕ್ಷರ ತಪ್ಪಿದ್ದರೂ ಈಗಲೇ ಆರ್‌ಟಿಓದಲ್ಲಿ ಸರಿ ಮಾಡಿಸಿ.

ಗಾಡಿ ತಿಂಗಳುಗಟ್ಟಲೆ ನಿಲ್ಲುವ ಹಾಗೆ ಕಂಡರೆ, "ಓಡಿಸುತ್ತಿಲ್ಲ" ಎಂದು ಆರ್‌ಟಿಓಗೆ ಮುಂಚೆಯೇ ಬರೆದುಕೊಟ್ಟು ರೋಡ್ ಟ್ಯಾಕ್ಸ್ ವಿನಾಯಿತಿ ಕೇಳಲು ಅವಕಾಶ ಇದೆ. ಆದರೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಹಾಗಿಲ್ಲ. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರು ಲೆಕ್ಕಪುಸ್ತಕ ಇಡದೆ ಅಂದಾಜು ಆದಾಯ ತೋರಿಸುವ ಪದ್ಧತಿ ಇದೆಯಲ್ಲ, ಅದರಲ್ಲಿ 12 ಟನ್ ದಾಟಿದ ಗಾಡಿಗೆ ತಿಂಗಳಿಗೆ ಟನ್‌ಗೆ 1,000 ರೂಪಾಯಿ ಆದಾಯ ಎಂದು ಹಿಡಿಯುತ್ತಾರೆ. ಗಾಡಿ ಓಡಿದ ತಿಂಗಳಲ್ಲ, ನಿಮ್ಮ ಹೆಸರಿನಲ್ಲಿದ್ದ ತಿಂಗಳು. ನಿಂತ ಲಾರಿಯೂ ಲೆಕ್ಕದಲ್ಲಿ ದುಡಿಯುತ್ತಲೇ ಇರುತ್ತದೆ!

ಈಗ ಸಾಲ. ಫೈನಾನ್ಸ್ ಕಂಪನಿಯಿಂದ ಫೋರ್‌ಕ್ಲೋಶರ್ ಸ್ಟೇಟ್‌ಮೆಂಟ್ ಕೇಳಿ. ಇವತ್ತಿಗೆ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಎಂಬ ಚೀಟಿ ಅದು. ಅದರಲ್ಲಿ ಎಷ್ಟನೇ ತಾರೀಖಿನವರೆಗೆ ಆ ಮೊತ್ತ ನಡೆಯುತ್ತದೆ ಎಂದೂ ಇರುತ್ತದೆ. ಸಾಲ ತೀರಿದ ಮೇಲೆ ಎನ್‌ಓಸಿ (ತಕರಾರಿಲ್ಲ ಎಂಬ ಪತ್ರ) ಮತ್ತು ಫಾರ್ಮ್ 35 ಬರಬೇಕು. ಆರ್‌ಸಿಯಲ್ಲಿರುವ ಫೈನಾನ್ಸ್ ಹೆಸರು ತೆಗೆಸಲು ಅವೆರಡೂ ಬೇಕು.

ಗಾಡಿಯ ಬೆಲೆಗಿಂತ ಸಾಲವೇ ಜಾಸ್ತಿ ಉಳಿದಿದ್ದರೆ ಹುಷಾರು. ಗಾಡಿ 8.5 ಲಕ್ಷ, ಸಾಲ 10 ಲಕ್ಷ. "ಆ ಒಂದೂವರೆಯನ್ನು ಹೊಸ ಲೋನಿಗೇ ಸೇರಿಸೋಣ" ಎಂಬ ಮಾತು ಬರುತ್ತದೆ. ಕೇಳಲು ಹಗುರ. ಆದರೆ ಕೆಟ್ಟುಹೋದ ಗಾಡಿಗೆ ಇನ್ನೂ ನಾಲ್ಕೈದು ವರ್ಷ ಬಡ್ಡಿ ಕಟ್ಟುತ್ತೀರಿ. ಹೊಸ ಗಾಡಿಯ ಕಂತಿಗೆ ನಿಮ್ಮ ಬಾಡಿಗೆ ಸಾಲುತ್ತದೆಯೇ ಎಂದು ಖಾಲಿ ಬರುವ ಟ್ರಿಪ್ಪುಗಳನ್ನೂ ಸೇರಿಸಿ ಲೆಕ್ಕ ಹಾಕಿ. ಸಾಲದಿದ್ದರೆ ಹೊಸದರ ಮಾತೇ ಬೇಡ, ರಿಪೇರಿ ಮಾಡಿಸಿ ಓಡಿಸಿ ಸಾಲ ಇಳಿಸಿ.

ಹಂತ 6: ಡೀಲರ್ ಮುಂದೆ

ಹಳೇ ಗಾಡಿಯ ಮಾತು ಬಂದಾಗ ಎಂಜಿನ್ ಹೋಗಿದೆ ಎಂಬುದನ್ನು ಮುಚ್ಚಿಡಬೇಡಿ. ಎಳೆದು ತಂದ ಗಾಡಿಯಲ್ಲಿ ಮುಚ್ಚಿಡುವುದೇನಿದೆ? ಸುಳ್ಳು ಹೇಳಿ ಮಾರಿದರೆ ಆಮೇಲೆ ವ್ಯಾಪಾರ ಮುರಿಯಲು ಅವರಿಗೆ ಕಾರಣ ಸಿಗುತ್ತದೆ. ಮುಚ್ಚಿಡಬೇಕಾದ್ದು ನಿಮ್ಮ ಅವಸರವನ್ನು. "ಸೋಮವಾರದಿಂದ ಸಿಮೆಂಟ್ ಲೋಡ್ ಇದೆ, ಬೇಗ ಗಾಡಿ ಬೇಕು" ಎಂದು ಚಹಾ ಕುಡಿಯುತ್ತಾ ಹೇಳಿದ ಒಂದು ಮಾತಿಗೆ 50 ಸಾವಿರ ಹೋಗುತ್ತದೆ.

ಮೊದಲು ಹೊಸ ಗಾಡಿಯ ಬೆಲೆ ಮಾತ್ರ ಮಾತಾಡಿ. ಹಳೇ ಗಾಡಿ ಇದೆ ಎಂದೇ ಹೇಳಬೇಡಿ. ಕೇಳಿದರೆ "ಇನ್ನೂ ಯೋಚನೆ ಮಾಡಿಲ್ಲ, ನಗದು ರೇಟ್ ಹೇಳಿ" ಅನ್ನಿ. ಎಕ್ಸ್‌ಶೋರೂಂ ಬೆಲೆ, ಡಿಸ್ಕೌಂಟ್, ಇನ್ಶೂರೆನ್ಸ್, ನೋಂದಣಿ, ಬಾಡಿ ಕಟ್ಟಿಸುವುದಿದ್ದರೆ ಅದು, ಎಲ್ಲ ಸಾಲುಸಾಲಾಗಿ ಬರೆದ ಕೊಟೇಶನ್ ತೆಗೆದುಕೊಳ್ಳಿ. ಕನಿಷ್ಠ ಇಬ್ಬರು ಡೀಲರ್‌ಗಳಿಂದ. ಸಾಧ್ಯವಾದರೆ ಬೇರೆ ಕಂಪನಿಯದ್ದೂ ಒಂದಿರಲಿ. ಕೊಟೇಶನ್‌ನಲ್ಲಿ ಶೇ 1ರ ಟಿಸಿಎಸ್ (ಮಾರುವವನು ನಿಮ್ಮಿಂದ ವಸೂಲಿ ಮಾಡಿ ಕಟ್ಟುವ ಇನ್‌ಕಮ್ ಟ್ಯಾಕ್ಸ್) ಎಂದು ಕಂಡರೆ ಗಾಬರಿ ಬೇಡ. 10 ಲಕ್ಷ ದಾಟಿದ ವಾಹನಕ್ಕೆ ಅದು ಇದ್ದದ್ದೇ, ರಿಟರ್ನ್ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಆ ಕಾಗದ ಕೈಗೆ ಬಂದ ಮೇಲೆ ಹಳೇ ಗಾಡಿ ವಿಷಯ ತೆಗೆಯಿರಿ.

ಇಲ್ಲಿ ಒಳಗಿನ ವ್ಯವಸ್ಥೆ ಗೊತ್ತಿದ್ದರೆ ಒಳ್ಳೆಯದು. ಕೆಟ್ಟ ಲಾರಿಯನ್ನು ಡೀಲರ್ ತಾನೇ ಇಟ್ಟುಕೊಳ್ಳುವುದು ಕಡಿಮೆ. ಅವನ ಹಿಂದೆ ಹಳೇ ಗಾಡಿ ಕೊಳ್ಳುವ ಬ್ರೋಕರ್‌ಗಳು ಇರುತ್ತಾರೆ. ಫೋಟೋ ಕಳಿಸುತ್ತಾನೆ, ಅವರು ರೇಟ್ ಹೇಳುತ್ತಾರೆ, ತನ್ನ ಪಾಲು ಇಟ್ಟುಕೊಂಡು ನಿಮಗೆ ಹೇಳುತ್ತಾನೆ. ಎಕ್ಸ್‌ಚೇಂಜ್ ಬೋನಸ್ ಎನ್ನುವುದು ಬೇರೆ, ಅದು ಸಾಮಾನ್ಯವಾಗಿ ಗಾಡಿ ಕಂಪನಿಯ ಸ್ಕೀಮು. ಆದ್ದರಿಂದ ಈ ಪ್ರಶ್ನೆಗಳನ್ನು ನೇರವಾಗಿ ಕೇಳಿ:

"ಹಳೇ ಗಾಡಿ ಬೆಲೆ ಎಷ್ಟು, ಬೋನಸ್ ಎಷ್ಟು? ಎರಡನ್ನೂ ಬೇರೆ ಬೇರೆ ಬರೆಯಿರಿ."

"ಎಂಜಿನ್‌ಗೆ ಎಷ್ಟು ಕಳೆದಿದ್ದೀರಿ? ಯಾವ ಲೆಕ್ಕದಲ್ಲಿ?"

"ಎಕ್ಸ್‌ಚೇಂಜ್ ಇದ್ದರೂ ಮೊದಲಿನ ಡಿಸ್ಕೌಂಟ್ ಹಾಗೇ ಇದೆ ತಾನೇ?"

ಮೂರನೇ ಪ್ರಶ್ನೆಯಲ್ಲೇ ಆಟ ಇರುವುದು. ಹಳೇ ಗಾಡಿಗೆ 9 ಲಕ್ಷ ಎಂದು ನಿಮ್ಮನ್ನು ಖುಷಿಪಡಿಸಿ, ಹೊಸದರ 1.5 ಲಕ್ಷ ಡಿಸ್ಕೌಂಟನ್ನು 50 ಸಾವಿರಕ್ಕೆ ಇಳಿಸಿರುತ್ತಾರೆ. ಅಂದರೆ ನಿಜವಾಗಿ ಸಿಕ್ಕಿದ್ದು 8 ಲಕ್ಷ. ಮೊದಲೇ ಕೊಟೇಶನ್ ತೆಗೆದುಕೊಂಡಿದ್ದು ಇದನ್ನು ಹಿಡಿಯುವುದಕ್ಕೇ.

ಎಂಜಿನ್‌ಗೆ ಕಳೆಯುವಾಗ ಎಸ್ಟಿಮೇಟ್ ಮುಂದಿಡಿ. "ಅಣ್ಣ, ಎಂಜಿನ್ ಸತ್ತ ಗಾಡಿಗೆ ಗುಜರಿ ರೇಟೇ" ಎಂದರೆ, "ಗೇರ್‌ಬಾಕ್ಸ್, ಹೌಸಿಂಗ್, ಕ್ಯಾಬಿನ್, ಟೈರ್ ಎಲ್ಲ ಸತ್ತಿವೆಯಾ?" ಎಂದು ಕೇಳಿ. ಟೈರುಗಳನ್ನು ಒಂದೊಂದಾಗಿ ತೋರಿಸಿ. ಯಾವುದು ಹೊಸದು, ಯಾವುದು ರೀಬಟನ್ (ಸವೆದ ಟೈರಿಗೆ ಹೊಸ ರಬ್ಬರ್ ಹಾಕಿದ್ದು) ಎಂದು ನೀವೇ ಹೇಳಿ. ಹತ್ತು ಟೈರಿನಲ್ಲಿ ಆರು ಹೊಸದಿದ್ದರೆ ಅದೇ ಲಕ್ಷ ದಾಟುತ್ತದೆ. ಬೆಲೆ ಕುದುರದಿದ್ದರೆ ಒಳ್ಳೇ ಟೈರು, ಬ್ಯಾಟರಿ ಬಿಚ್ಚಿಕೊಂಡು ಹಳೇದು ಹಾಕಿ ಕೊಡುತ್ತೇನೆ, ಆ ಲೆಕ್ಕದಲ್ಲಿ ರೇಟ್ ಹೇಳಿ ಎನ್ನಬಹುದು. ಒಪ್ಪಂದ ಆದ ಮೇಲೆ ಮಾತ್ರ ಸುಮ್ನೆ ಒಂದು ಬಲ್ಬನ್ನೂ ಬಿಚ್ಚಬೇಡಿ.

"ನಿಮ್ಮದು ಬಿಎಸ್4, ಬೆಲೆ ಇಲ್ಲ" ಎಂಬುದು ಇನ್ನೊಂದು ಮಾತು. 2017ರ ಏಪ್ರಿಲ್‌ನಿಂದ ಬಿಎಸ್4, 2020ರ ಏಪ್ರಿಲ್‌ನಿಂದ ಬಿಎಸ್6 ದೇಶಕ್ಕೆಲ್ಲ ಬಂತು. ದೆಹಲಿಯಲ್ಲಿ ಹಳೇ ಗಾಡಿಗಳಿಗೆ ಕಟ್ಟುನಿಟ್ಟು ಇರುವುದು ನಿಜ. ಆದರೆ ಬಳ್ಳಾರಿಯಿಂದ ಮಂಗಳೂರಿಗೆ ಓಡುವವನು ಅದನ್ನು ಕೇಳುವುದಿಲ್ಲ. ಬಿಎಸ್4 ಎಂಜಿನ್ ಕೆಲಸ ಹೊರಗಡೆ ಸುಲಭ, ಯೂರಿಯಾ ದ್ರಾವಣ ಮತ್ತು ಸೆನ್ಸರ್ ಕಾಟ ಕಮ್ಮಿ ಎಂದು ಅದನ್ನೇ ಹುಡುಕುವವರೂ ಇದ್ದಾರೆ.

ಕಾಲವೂ ಮುಖ್ಯ. ತಿಂಗಳ ಕೊನೆಯ ವಾರ, ಅದರಲ್ಲೂ ಮಾರ್ಚ್, ಡೀಲರ್‌ಗೆ ಟಾರ್ಗೆಟ್ ಒತ್ತಡ ಇರುತ್ತದೆ. ಆಗ ಮಾತು ಮೆತ್ತಗಾಗುತ್ತದೆ. ವರ್ಷ ಬದಲಾದ ಮೇಲೆ ಹಿಂದಿನ ವರ್ಷ ತಯಾರಾದ ಸ್ಟಾಕ್ ಕೊಡಲು ಬಂದರೆ ಡಿಸ್ಕೌಂಟ್ ಹೆಚ್ಚು ಕೇಳಿ. ನಾಳೆ ನೀವು ಮಾರುವಾಗ ತಯಾರಾದ ವರ್ಷವನ್ನೇ ನೋಡುತ್ತಾರೆ.

ಮೇಜಿನ ಮೇಲೆ ಹೊರಗಿನ ಬ್ರೋಕರ್ ಕೊಟ್ಟ ಒಂದು ಬೆಲೆ ಇರಲೇಬೇಕು. ಅವನು 8 ಅಂದಿದ್ದಾನೆ, ಡೀಲರ್ ಬೋನಸ್ ಸೇರಿಸಿ 7.8 ಅಂದರೆ, ಹಳೇದನ್ನು ಹೊರಗೆ ಮಾರಿ ಹೊಸದನ್ನು ಇಲ್ಲಿ ಕೊಳ್ಳಿ. ಎರಡೂ ಒಂದೇ ಕಡೆ ಆಗಬೇಕು ಎಂಬ ನಿಯಮ ಇಲ್ಲ.

ಹಂತ 7: ಎಲ್ಲವನ್ನೂ ಬರಹಕ್ಕೆ ತನ್ನಿ

ನಾನೇ ಎಡವಿದ ಜಾಗ ಇದು. ಬೆಲೆ ಒಪ್ಪಿ, ಕೈ ಕುಲುಕಿ, ಗಾಡಿ ಕಳಿಸಿದೆ. ಐದನೇ ದಿನ ಫೋನು: "ಸರ್, ಎಂಜಿನ್ ಬಿಚ್ಚಿದೆವು, ಕ್ರ್ಯಾಂಕೂ ಹೋಗಿದೆ, 90 ಸಾವಿರ ಕಮ್ಮಿ ಆಗುತ್ತೆ." ಹೊಸ ಗಾಡಿಗೆ ಆಗಲೇ ಅಡ್ವಾನ್ಸ್ ಕಟ್ಟಿದ್ದೆ. ಒಪ್ಪಿಕೊಂಡೆ.

ಇದನ್ನು ತಡೆಯಲು ಒಪ್ಪಂದದ ಕಾಗದದಲ್ಲಿ ಹೀಗೊಂದು ಸಾಲು ಬರೆಸಿ: "ಎಂಜಿನ್ ಕೆಲಸ ಮಾಡುತ್ತಿಲ್ಲ ಎಂದು ತಿಳಿದು, ಪರಿಶೀಲಿಸಿ, ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿದ ಬೆಲೆಗೆ ತೆಗೆದುಕೊಂಡಿದ್ದೇವೆ. ಮುಂದೆ ಬೆಲೆಯಲ್ಲಿ ಬದಲಾವಣೆ ಇಲ್ಲ." ಕೆಳಗೆ ಡೀಲರ್‌ಶಿಪ್ ಸೀಲು, ಮ್ಯಾನೇಜರ್ ಸಹಿ. ಸೇಲ್ಸ್ ಹುಡುಗನ ವಾಟ್ಸಾಪ್ ಮೆಸೇಜು ಸಾಲದು, ಅವನು ಮುಂದಿನ ತಿಂಗಳು ಬೇರೆ ಶೋರೂಂನಲ್ಲಿರುತ್ತಾನೆ. ಅದೇ ಕಾಗದದಲ್ಲಿ ಟೈರ್ ನಂಬರ್, ಬ್ಯಾಟರಿ, ಸ್ಟೆಪ್ನಿ, ಜಾಕಿ, ಟಾರ್ಪಾಲ್ ಪಟ್ಟಿ, ಕ್ರೇನ್ ಖರ್ಚು ಯಾರದು ಎಂಬುದು, ಸಾಲ ತೀರಿಸುವ ತಾರೀಖು ಇವೂ ಇರಲಿ.

ತೆರಿಗೆ ಬಗ್ಗೆ ಎರಡು ಮಾತು. ಹೊಸ ಗಾಡಿಯ ಜಿಎಸ್‌ಟಿ ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ, ಎಕ್ಸ್‌ಚೇಂಜ್ ಕಳೆದು ಉಳಿದ ಹಣದ ಮೇಲಲ್ಲ. ಇನ್ನು ಹಳೇ ಗಾಡಿ ಮಾರುವಾಗ, ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ನೀವು ಜಿಎಸ್‌ಟಿ ಕಟ್ಟಬೇಕಿಲ್ಲ. ನೋಂದಣಿ ಇದ್ದು, ಗಾಡಿ ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಎಂದು ವಾಪಸ್ ಪಡೆದಿರದಿದ್ದರೆ, ಲಾಭದ ಭಾಗಕ್ಕೆ ಮಾತ್ರ ಶೇ 18. ಸವಕಳಿ ಕಳೆದು ಪುಸ್ತಕದಲ್ಲಿ ಉಳಿದ ಬೆಲೆಗಿಂತ ಕಮ್ಮಿಗೆ ಮಾರಿದ್ದರೆ ಏನೂ ಇಲ್ಲ. ಮತ್ತೆ, 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ತೆಗೆದುಕೊಳ್ಳಬೇಡಿ. ದಂಡ ಬೀಳುವುದು ಹಣ ಪಡೆದವನಿಗೇ.

ಹಳೇ ಸಾಲವನ್ನು ಡೀಲರ್ ತೀರಿಸುತ್ತಾನೆ ಎಂದಾದರೆ, ಗಾಡಿ ಬಿಡುವ ಮೊದಲು ಫೈನಾನ್ಸ್ ಖಾತೆಗೆ ನೇರವಾಗಿ ಹಾಕಿದ ಬ್ಯಾಂಕ್ ರಸೀದಿ ನೋಡಿ. ಅವನು ತಡ ಮಾಡಿದರೆ ಕಂತು ತಪ್ಪುವುದು ನಿಮ್ಮ ಹೆಸರಿನಲ್ಲಿ, ಸಿಬಿಲ್ ಕೆಡುವುದೂ ನಿಮ್ಮದೇ.

ಹಂತ 8: ಗಾಡಿ ಬಿಡುವ ದಿನ, ಆಮೇಲೆ

ಫಾರ್ಮ್ 29 ಮತ್ತು 30, ಹೆಸರು ಬದಲಾವಣೆಯ ಅರ್ಜಿಗಳು. "ಖಾಲಿ ಸೆಟ್ ನಾಲ್ಕು ಸಹಿ ಮಾಡಿಕೊಡಿ" ಎಂದು ಕೇಳುವುದು ರೂಢಿ. ಕೊಡಬೇಡಿ. ಕೊಳ್ಳುವವನ ಹೆಸರು, ತಾರೀಖು ತುಂಬಿದ ಮೇಲೆಯೇ ಸಹಿ.

ಯಾಕೆ ಇಷ್ಟು ಹಟ? 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತ ಪರಿಹಾರಕ್ಕೆ ಅವನೇ ಹೊಣೆ. ನಿಮ್ಮ ಹಳೇ ಲಾರಿಗೆ ಯಾರೋ ಎಂಜಿನ್ ಹಾಕಿಸಿ ಇನ್ಶೂರೆನ್ಸ್ ಇಲ್ಲದೆ ಓಡಿಸಿ, ಯಾರಿಗೋ ಗುದ್ದಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಹಳೇ ಗಾಡಿ ವ್ಯಾಪಾರ ಮಾಡುವ ಡೀಲರ್‌ಗಳಿಗೆ ಆರ್‌ಟಿಓ ಅಧಿಕಾರ ಪತ್ರ ಕೊಡುವ ನಿಯಮ 2023ರ ಏಪ್ರಿಲ್‌ನಿಂದ ಇದೆ. ನಿಮ್ಮ ಡೀಲರ್‌ಗೆ ಆ ಪತ್ರ ಇದೆಯಾ ಎಂದು ಕೇಳಿ. ಇದ್ದರೆ ಫಾರ್ಮ್ 29ಸಿ ಮೂಲಕ ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ದಾಖಲಿಸಬಹುದು. ಅಲ್ಲಿಂದ ಮುಂದೆ ಹೆಸರು ಬದಲಾಗುವವರೆಗೆ ಡೀಲರ್‌ನೇ ಮಾಲೀಕ ಎಂದು ಪರಿಗಣನೆ. ಇಲ್ಲದಿದ್ದರೆ ಕೊಟ್ಟ ತಾರೀಖು, ಗಂಟೆ, ಮೀಟರ್ ರೀಡಿಂಗ್ ಬರೆದ ಡೆಲಿವರಿ ಪತ್ರ ಮಾಡಿ, ಅವರ ಗುರುತಿನ ಚೀಟಿಯ ನಕಲು ಇಟ್ಟುಕೊಂಡು, ಮಾರಿದ್ದನ್ನು ನೀವೇ ಆರ್‌ಟಿಓಗೆ 14 ದಿನದೊಳಗೆ ತಿಳಿಸಿ.

ಪರ್ಮಿಟ್ ಸರೆಂಡರ್ ಮಾಡಿ. ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಸ್ಟಿಕ್ಕರ್ ಕಿತ್ತು ಹಾಕಿ. ಇಲ್ಲದಿದ್ದರೆ ಮುಂದಿನವನು ನಿಮ್ಮ ದುಡ್ಡಲ್ಲಿ ಟೋಲ್ ದಾಟುತ್ತಾನೆ. ಜಿಪಿಎಸ್ ಸಿಮ್ ನಿಮ್ಮ ಹೆಸರಿನಲ್ಲಿದ್ದರೆ ಅದೂ ಬಂದ್.

ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಕೇಳಲು ಮರೆಯಬೇಡಿ. ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಅದು, ಶೇ 20ರಿಂದ 50ರವರೆಗೆ ಇರುತ್ತದೆ. ಅದು ಗಾಡಿಯದ್ದಲ್ಲ, ನಿಮ್ಮದು. ಹೊಸ ಲಾರಿಯ ಸ್ವಂತ ಹಾನಿ ಪ್ರೀಮಿಯಂನಲ್ಲಿ ಕಡಿತ ಸಿಗುತ್ತದೆ. ಡೀಲರ್ ತಾನಾಗಿ ಇದನ್ನು ಹೇಳುವುದು ಅಪರೂಪ.

ತಿಂಗಳು ಕಳೆದ ಮೇಲೆ ಪರಿವಾಹನ್‌ನಲ್ಲಿ ಹಳೇ ನಂಬರ್ ಹಾಕಿ ನೋಡಿ. ಇನ್ನೂ ನಿಮ್ಮ ಹೆಸರೇ ಇದ್ದರೆ ಡೆಲಿವರಿ ಪತ್ರದ ನಕಲು ಹಿಡಿದು ಡೀಲರ್ ಹತ್ತಿರ ಹೋಗಿ. ಅಲ್ಲಿ ಕೆಲಸ ಆಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಆರ್‌ಟಿಓಗೆ ಬರೆಯಿರಿ. ಹೆಸರು ಬದಲಾಗುವವರೆಗೂ ಆ ಫೈಲನ್ನು ಹೊಸ ಗಾಡಿಯ ಕಾಗದದ ಜೊತೆಗೇ ಇಟ್ಟುಕೊಂಡಿರಿ.